ಹಾಡಿದವನ ಹೊಣೆ, ಕೇಳುವವರ ಹೊಣೆ

2018ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಕನ್ನಡದ ರ‍್ಯಾಪ್ ಗಾಯಕ ಚಂದನ್ ಶೆಟ್ಟಿಯವರಿಗೆ ನೋಟಿಸ್ ನೀಡಿದರು. 'ಅಂತ್ಯ' ಚಿತ್ರದ ಹಾಡೊಂದು ಗಾಂಜಾ ಸೇವನೆಯನ್ನು ವೈಭವೀಕರಿಸುತ್ತದೆ ಎಂಬುದು ಆಕ್ಷೇಪ. ಅದೇ ವರ್ಷದ ಆರಂಭದಲ್ಲಿ ಬಿಗ್ ಬಾಸ್ ಗೆದ್ದು ಮನೆಮಾತಾಗಿದ್ದ ಅವರು ಪೊಲೀಸರ ಮುಂದೆ ವಿವರಣೆ ನೀಡಬೇಕಾಯಿತು. ಆ ಹಾಡು ಕೆಲವು ವರ್ಷಗಳ ಹಿಂದಿನದು ಎಂದು ಅವರು ಹೇಳಿದರು. 2020ರಲ್ಲಿ 'ಕೋಲುಮಂಡೆ' ಹಾಡಿನ ವಿಡಿಯೊ ಮಲೆ ಮಹದೇಶ್ವರ ಭಕ್ತರ ಮನಸ್ಸನ್ನು ನೋಯಿಸಿದಾಗ ಅವರು ಕ್ಷಮೆ ಯಾಚಿಸಿದರು.

ಇದು ಸಿನಿಮಾದವರ ವಿಷಯ, ನಮಗೇಕೆ ಎಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಕುಟುಂಬಗಳು ಸುಮ್ಮನಿರುವಂತಿಲ್ಲ. ಮೊಬೈಲ್ ಬಂದ ಮೇಲೆ ಮಕ್ಕಳ ಕಿವಿಗೆ ಯಾವ ಊರೂ ದೂರವಲ್ಲ. ರ‍್ಯಾಪ್‌ನ ಒಂದು ಕವಲಾದ 'ಡ್ರಿಲ್' ಸುಮಾರು 2010ರ ಹೊತ್ತಿಗೆ ಅಮೆರಿಕದ ಶಿಕಾಗೊ ನಗರದ ಬಡ ಬಡಾವಣೆಗಳಲ್ಲಿ ಹುಟ್ಟಿ, ಬಳಿಕ ಲಂಡನ್ನಿಗೆ ಹಬ್ಬಿತು. ಬೀದಿಯ ಬಡತನ, ಗುಂಪುಗಳ ದ್ವೇಷ, ಚೂರಿ, ಬಂದೂಕು ಅದರ ವಸ್ತು.

ಲಂಡನ್ನಿನ ಡಿಗ್ಗಾ ಡಿ ಎಂಬ ಡ್ರಿಲ್ ಗಾಯಕನ ಬದುಕು ಇಲ್ಲಿ ವಿಚಾರಯೋಗ್ಯ. 2018ರಲ್ಲಿ, ಆತ ಇನ್ನೂ ಹದಿಹರೆಯದವನಾಗಿದ್ದಾಗ, ನ್ಯಾಯಾಲಯವು ಆತನ ಹಾಡುಗಳ ಮೇಲೆ ನಿರ್ಬಂಧ ಹೇರಿತು. ಹೊಸ ಹಾಡನ್ನು ಅಂತರ್ಜಾಲದಲ್ಲಿ ಪ್ರಕಟಿಸಿದ 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಬೇಕೆಂಬುದು ಅದರ ಒಂದು ಷರತ್ತು. 2022ರಲ್ಲಿ ಆತನ ಹಾಡುಗಳ ಸಂಗ್ರಹವು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು. ಆದರೂ 2024ರಲ್ಲಿ ಗಾಂಜಾ ಪೂರೈಕೆಯ ಪ್ರಕರಣದಲ್ಲಿ ಆತ ಮತ್ತೆ ಜೈಲು ಸೇರಿದ. ನ್ಯಾಯಾಲಯದ ಆದೇಶವೂ ಕೀರ್ತಿಯೂ ಹಣವೂ ಆತನನ್ನು ಹಳೆಯ ದಾರಿಯಿಂದ ಬಿಡಿಸಲಾರದೆ ಹೋದವು.

ಹಾಗಾದರೆ ದಾರಿ ಯಾವುದು? ಕವಿ ಮತ್ತು ಕಾನೂನಿನ ಸಂಘರ್ಷ ನಮ್ಮ ಚರಿತ್ರೆಗೆ ಹೊಸತಲ್ಲ. ಖಲೀಫ ಉಮರ್(ರ)ರ ಕಾಲದಲ್ಲಿ ಹುತೈಅ ಎಂಬ ಕವಿಯಿದ್ದ. ಹಣವಂತರನ್ನು ಹೊಗಳುವುದು, ಕೊಡದವರನ್ನು ತೆಗಳುವುದು ಆತನ ಜೀವನೋಪಾಯ. ಝಿಬ್ರಿಕಾನ್ ಬಿನ್ ಬದ್ರ್ ಎಂಬ ಗಣ್ಯರು ತಮ್ಮನ್ನು ಆತ ಕವನದಲ್ಲಿ ಅಪಮಾನಿಸಿದನೆಂದು ಖಲೀಫರಲ್ಲಿ ದೂರಿದರು. ಉಮರ್(ರ) ತಾವೇ ತೀರ್ಪು ನೀಡಲು ಆತುರಪಡಲಿಲ್ಲ. ಕವಿ ಹಸ್ಸಾನ್ ಬಿನ್ ಸಾಬಿತ್(ರ)ರನ್ನು ಕರೆಸಿ, ಇದು ನಿಂದೆಯೇ ಎಂದು ವಿಚಾರಿಸಿದರು. ನಿಂದೆಯೆಂದು ದೃಢಪಟ್ಟ ಮೇಲೆಯೇ ಹುತೈಅನನ್ನು ಸೆರೆಗೆ ಹಾಕಿದರು. ಆದರೆ ಹಸಿದ ತನ್ನ ಪುಟ್ಟ ಮಕ್ಕಳ ಗತಿಯೇನೆಂದು ಆತ ಸೆರೆಯಿಂದ ಕವನದಲ್ಲಿ ಮೊರೆಯಿಟ್ಟಾಗ ಖಲೀಫರು ಕಣ್ಣೀರು ಸುರಿಸಿದರು. ಇನ್ನು ಯಾರನ್ನೂ ನಿಂದಿಸಬಾರದೆಂದು ಮಾತು ಪಡೆದು ಬಿಡುಗಡೆ ಮಾಡಿದರು. ಮೂರು ಸಾವಿರ ದಿರ್ಹಮ್ ಕೊಟ್ಟು ಮುಸ್ಲಿಮರ ಮಾನವನ್ನು ಆತನಿಂದ ಕೊಂಡುಕೊಂಡರೆಂದು ಚರಿತ್ರೆ ಹೇಳುತ್ತದೆ.

ಈ ಪ್ರಸಂಗದಲ್ಲಿ ಮೂರು ಪಾಠಗಳಿವೆ. ಮಾತಿಗೆ ಹೊಣೆಯುಂಟು, ಕವಿಯೆಂಬ ಕಾರಣಕ್ಕೆ ಯಾರಿಗೂ ವಿನಾಯಿತಿಯಿಲ್ಲ. ಬಲ್ಲವರನ್ನು ಕೇಳದೆ ಹಾಡಿನ ಮೇಲೆ ತೀರ್ಪು ಕೊಡಬಾರದು; ಹಾಡಿನ ಸಾಲುಗಳನ್ನು ಅಪರಾಧದ ಸಾಕ್ಷ್ಯವಾಗಿ ಬಳಸುವುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಕಾನೂನಿನ ಮಿತಿ ಹಾಕಿದ್ದೂ ಇಂಥ ಎಚ್ಚರದಿಂದಲೇ. ಮೂರನೆಯದಾಗಿ, ಕೆಟ್ಟ ಮಾತನ್ನೇ ಅನ್ನದ ದಾರಿ ಮಾಡಿಕೊಂಡವನಿಗೆ ಬೇರೊಂದು ದಾರಿ ತೋರಿಸದೆ ಶಿಕ್ಷೆ ಪೂರ್ಣವಾಗುವುದಿಲ್ಲ.

ಸಂಗೀತದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಇಲ್ಲಿ ಅದು ಚರ್ಚೆಯ ವಿಷಯವಲ್ಲ. ಹಾಡಿನೊಳಗಿನ ಮಾತು ನಮ್ಮ ಚಿಂತೆ. ಪವಿತ್ರ ಕುರ್‌ಆನಿನ ಅಶ್ಶುಅರಾ ಅಧ್ಯಾಯವು ದಾರಿ ತಪ್ಪಿಸುವ ಕವಿಗಳನ್ನು ಖಂಡಿಸುತ್ತದೆ. ಆದರೆ ಸತ್ಯವಿಶ್ವಾಸವಿಟ್ಟು ಸತ್ಕರ್ಮ ಮಾಡುವ, ಅಲ್ಲಾಹನನ್ನು ಧಾರಾಳವಾಗಿ ಸ್ಮರಿಸುವ, ಅನ್ಯಾಯಕ್ಕೊಳಗಾದ ಬಳಿಕ ಪ್ರತಿಕ್ರಿಯಿಸುವ ಕವಿಗಳನ್ನು ಆ ಖಂಡನೆಯಿಂದ ಹೊರತುಪಡಿಸುತ್ತದೆ. ಹಸ್ಸಾನ್(ರ)ರ ಕವನಕ್ಕಾಗಿ ಪ್ರವಾದಿವರ್ಯರು(ಸ) ಮಸೀದಿಯಲ್ಲೇ ಪೀಠ ಇರಿಸುತ್ತಿದ್ದರು.

ಮಗನ ಕಿವಿಯಿಂದ ಇಯರ್‌ಫೋನ್ ಕಿತ್ತೆಸೆಯುವುದು ಸುಲಭ. ಅದರ ಬದಲು ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತು ಆ ಹಾಡನ್ನು ಕೇಳಿ, ಅರ್ಥ ಕೇಳಿ. ತನ್ನ ಬೀದಿಯ ಕಷ್ಟವನ್ನು ಹೇಳಿಕೊಳ್ಳುವವನಿಗೂ ಗಾಂಜಾ ಮತ್ತು ಚೂರಿಯನ್ನು ಗಂಡಸುತನವೆಂದು ಮಾರುವವನಿಗೂ ಇರುವ ಅಂತರವನ್ನು ತಾಳ್ಮೆಯಿಂದ ತಿಳಿಸಿ. ನಿಮ್ಮ ಮಗನೇ ಪದ ಕಟ್ಟಬಲ್ಲವನಾದರೆ ಹೀಯಾಳಿಸಬೇಡಿ. ಅವನಿಗೆ ಕನ್ನಡದ ಒಳ್ಳೆಯ ಪುಸ್ತಕ ಕೊಡಿ, ಜಮಾಅತಿನ ಸಭೆಯಲ್ಲಿ ಮಾತನಾಡಲು ಅವಕಾಶ ಕೊಡಿ. ನಮ್ಮಲ್ಲಿ ಕೇಳುವವರು ಸಿಗದಿದ್ದರೆ ಅವನು ಬೇರೆಡೆ ಹುಡುಕುತ್ತಾನೆ. ಪೊಲೀಸ್ ನೋಟಿಸ್ ಮನೆಗೆ ಬಂದ ದಿನ ಅವನ ಮಾತಿಗೆ ಕಿವಿಗೊಡಲು ಹೊರಟರೆ ತಡವಾಗಿರುತ್ತದೆ.

ಅಲ್ಲಾಹನು ನಮ್ಮ ಮಕ್ಕಳ ನಾಲಗೆಗೆ ಒಳಿತನ್ನೂ ನಮಗೆ ಅವರ ಮಾತು ಕೇಳುವ ತಾಳ್ಮೆಯನ್ನೂ ಕರುಣಿಸಲಿ. ಆಮೀನ್.