ವಾಡಿ: ಉಚ್ಚಾರ ಒಂದು, ಮೂಲ ಮೂರು

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ಮೇಲೆ ಅನಗವಾಡಿ ಎಂಬ ಊರಿದೆ. ಇಂಥ ಹೆಸರು ಕಿವಿಗೆ ಬಿದ್ದೊಡನೆ ತೀರ್ಪು ಕೊಡುವುದು ಬಹಳ ಸುಲಭ. ‘ವಾಡಿ’ ಎಂದಿರುವುದರಿಂದ ಊರು ಮರಾಠಿಗರದು ಎನ್ನಬಹುದು. ‘ಅನಘ’ ಎಂದರೆ ಪಾಪರಹಿತ, ಆದುದರಿಂದ ಇದು ಪ್ರಾಚೀನ ಜೈನಕೇಂದ್ರ ಎನ್ನಬಹುದು. ಇದು ‘ಅಂಗನವಾಡಿ’ಯ ಅಪಭ್ರಂಶ ಎಂದೂ ಹೇಳಿಬಿಡಬಹುದು. ಈ ಮೂರು ತೀರ್ಪುಗಳಿಗೂ ಇರುವ ಆಧಾರ ಒಂದೇ, ಧ್ವನಿಸಾಮ್ಯ. ಧ್ವನಿಸಾಮ್ಯವನ್ನೇ ಇತಿಹಾಸವೆಂದು ಮಂಡಿಸುವ ಈ ಅಭ್ಯಾಸವು ಸ್ಥಳನಾಮಗಳ ಅಧ್ಯಯನಕ್ಕೆ ಅಂಟಿದ ಹಳೆಯ ರೋಗ.

ಮೊದಲಿಗೆ ‘ವಾಡಿ’ಯನ್ನೇ ಪರಿಶೀಲಿಸಬೇಕು. ಮರಾಠಿಯ ‘ವಾಡಿ’ಗೆ ಮೂಲ ಸಂಸ್ಕೃತದ ‘ವಾಟಿಕಾ’. ಬೇಲಿ ಹಾಕಿದ ಜಾಗ, ತೋಟ ಎಂಬ ಅರ್ಥದಿಂದ ಅದು ಕೆಲವೇ ಮನೆಗಳ ಸಣ್ಣ ಹಳ್ಳಿ ಎಂಬ ಅರ್ಥಕ್ಕೆ ಬೆಳೆಯಿತು. ಗುಜರಾತಿಯಲ್ಲಿ ‘ವಾಡಿ’ ಇಂದಿಗೂ ತೋಟವೇ. ಬಂಗಾಳಿಯಲ್ಲಿ ಮನೆ ಎಂಬರ್ಥದ ‘ಬಾಡಿ’ಯೂ ಇದೇ ಕುಲದ್ದು.

ಕನ್ನಡ ಶಾಸನಗಳ ‘ವಾಡಿ’ಯ ಹುಟ್ಟು ಬೇರೆ. ಗಂಗವಾಡಿ 96000, ನೊಳಂಬವಾಡಿ 32000 ಎಂಬ ನಾಡುಗಳ ಹೆಸರು ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆಲ್ಲ ಪರಿಚಿತ. ಚೋಳ ರಾಜರಾಜನ ತಮಿಳು ಶಾಸನಗಳು ಇವೇ ನಾಡುಗಳನ್ನು ಗಂಗಪಾಡಿ, ನುಳಂಬಪಾಡಿ ಎಂದು ಕರೆಯುತ್ತವೆ. ಹಾಗಾದರೆ ಕನ್ನಡದ ‘ವಾಡಿ’ಯ ಹಿಂದಿರುವುದು ನೆಲೆ, ಬೀಡು ಎಂಬರ್ಥದ ದ್ರಾವಿಡ ಶಬ್ದ ‘ಪಾಡಿ’. ಸಮಾಸದಲ್ಲಿ ಉತ್ತರಪದದ ಪಕಾರವು ವಕಾರವಾಗುವುದು ಹಳಗನ್ನಡ ವ್ಯಾಕರಣದ ಸುಪರಿಚಿತ ನಿಯಮ. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಜಿಲ್ಲೆಯ ಪಟ್ಟದಕಲ್ಲಿನ ಹಳೆಯ ಹೆಸರು ‘ಕಿಸುವೊಳಲ್’. ಕಿಸು ಮತ್ತು ಪೊಳಲ್ ಸೇರಿ ಆ ಹೆಸರಾಯಿತು. ಗಂಗಪಾಡಿ ಗಂಗವಾಡಿಯಾದುದೂ ಹಾಗೆಯೇ. ಮೈಸೂರು, ಕೊಡಗುಗಳ ಕಾಡಂಚಿನಲ್ಲಿ ಜೇನುಕುರುಬರು ವಾಸಿಸುವ ‘ಹಾಡಿ’ಯಲ್ಲಿ ಈ ಪಾಡಿ ಇಂದಿಗೂ ಬದುಕಿದೆ.

‘ಪಾಡಿ’ಯೂ ಸಂಸ್ಕೃತದ ‘ವಾಟ’ದಿಂದಲೇ ಬಂದಿರಬಾರದೇಕೆ ಎಂದು ಕೇಳಬಹುದು. ಅದಕ್ಕೆ ‘ಬಸದಿ’ ಎಂಬ ಶಬ್ದವೇ ಉತ್ತರ. ವಸತಿ ಬಸದಿಯಾಯಿತು, ವನ ಬನವಾಯಿತು, ವರ್ಣ ಬಣ್ಣವಾಯಿತು. ಸಂಸ್ಕೃತದ ಪದಾದಿ ವಕಾರವು ಕನ್ನಡದ ತದ್ಭವಗಳಲ್ಲಿ ಬಕಾರವಾಗುವುದು ರೂಢಿ. ಅದು ಪಕಾರವಾಯಿತೆನ್ನುವವರು ಅದಕ್ಕೆ ಬೇರೆ ಪ್ರಮಾಣ ಕೊಡಬೇಕು.

ಮೂರನೆಯದು ಅರಬ್ಬಿಯ ‘ವಾದಿ’. ಕಣಿವೆ, ಹಳ್ಳದ ಪಾತ್ರ ಎಂಬುದು ಅದರ ಅರ್ಥ. ಇಂಗ್ಲಿಷಿನ ಮೂಲಕ ಬಂದಾಗ ಅದೂ ‘ವಾಡಿ’ಯಾಗಿಯೇ ಕೇಳಿಸುತ್ತದೆ. ಸ್ಪೇನಿನ ಗ್ವಾದಲ್‌ಕಿವಿರ್ ನದಿಯ ಹೆಸರು ‘ವಾದಿ ಅಲ್ ಕಬೀರ್’, ಅಂದರೆ ದೊಡ್ಡ ನದಿ, ಎಂಬುದರಿಂದ ಬಂದುದು. ಅನಗವಾಡಿ ನದೀತೀರದಲ್ಲಿದೆ, ಈ ಸೀಮೆಯನ್ನು ಬಿಜಾಪುರದ ಆದಿಲ್‌ಶಾಹಿಗಳು ಆಳಿದರು, ಆದುದರಿಂದ ಈ ಹೆಸರು ಅರಬ್ಬಿಯದು ಎಂದು ಯಾರಾದರೂ ಹೇಳಿದರೆ ಎಲ್ಲರೂ ನಗುವರು. ಆದರೆ ‘ವಾಡಿ ಇದೆ, ಆದುದರಿಂದ ಮರಾಠಿ’ ಎಂಬ ವಾದದ ರಚನೆಯೂ ಇದೇ ಅಲ್ಲವೇ? ಒಂದಕ್ಕೆ ನಕ್ಕು ಇನ್ನೊಂದಕ್ಕೆ ತಲೆದೂಗುವುದು ವಿದ್ವತ್ತಿನ ಲಕ್ಷಣವಲ್ಲ.

ಇದೇ ಪರಿಸರದಲ್ಲಿ ತರ್ದವಾಡಿ ಸಾಸಿರ ಎಂಬ ನಾಡಿತ್ತು. ಕ್ರಿ.ಶ. 965ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಮುಂದೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯನ್ನು ಸ್ಥಾಪಿಸಿದ ತೈಲಪನು ಅದನ್ನು ಆಳುತ್ತಿದ್ದನು. ಮರಾಠಾ ರಾಜ್ಯ ಹುಟ್ಟುವುದಕ್ಕೆ ಏಳು ಶತಮಾನ ಮೊದಲೇ ‘ವಾಡಿ’ ಈ ನೆಲದ ಹೆಸರಿನಲ್ಲಿತ್ತು. ವಾಡಿ ಎಂದಿರುವುದೆಲ್ಲ ಮರಾಠಿಯಾದರೆ ಬಸವಣ್ಣನವರ ಬಾಗೇವಾಡಿಯನ್ನೂ ಮರಾಠಿಗೆ ಒಪ್ಪಿಸಬೇಕಾದೀತು.

ಹಾಗೆಂದು ಕನ್ನಡಾಭಿಮಾನಿಗಳು ಹಿಗ್ಗಬೇಕಾಗಿಲ್ಲ. ಕೊಂಕಣದ ಸಾವಂತವಾಡಿಯನ್ನೂ ಅಲ್ಲಿನ ನೂರಾರು ವಾಡಿಗಳನ್ನೂ ಗಂಗವಾಡಿಯ ಬಂಧುಗಳೆಂದು ಹಕ್ಕು ಸಾಧಿಸುವುದು ಅದೇ ತಪ್ಪಿನ ಇನ್ನೊಂದು ಮುಖ. ಬೀಳಗಿಯ ಸುತ್ತಲೂ ಮರಾಠಿಯ ಪ್ರಭಾವ ಕಡಿಮೆಯಿರಲಿಲ್ಲ. ಜಮಖಂಡಿ, ಮುಧೋಳಗಳು 1948ರವರೆಗೆ ಪಟವರ್ಧನ, ಘೋರ್ಪಡೆ ಮನೆತನಗಳ ಸಂಸ್ಥಾನಗಳಾಗಿದ್ದವು. ಬೀಳಗಿ ಸೀಮೆಯು 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಆದುದರಿಂದ ಈ ಭಾಗದ ವಾಡಿಗಳಲ್ಲಿ ಎರಡೂ ಮೂಲದವು ಇರುವುದು ಸಾಧ್ಯ. ಪ್ರತಿಯೊಂದು ಊರಿನ ಹೆಸರೂ ತನ್ನದೇ ಸಾಕ್ಷ್ಯವನ್ನು ಬೇಡುತ್ತದೆ.

ಜೈನ ವಿದ್ವಾಂಸರಿಗೆ ‘ಅನಘ’ದ ಆಕರ್ಷಣೆ ಸಹಜ. ಆದರೆ ನಿರುಕ್ತಿ ಬೇರೆ, ವ್ಯುತ್ಪತ್ತಿ ಬೇರೆ. ವೀರಸೇನಾಚಾರ್ಯರು ಧವಳಾ ಟೀಕೆಯಲ್ಲಿ ‘ಅರಿಹಂತ’ ಶಬ್ದವನ್ನು ಅರಿಗಳನ್ನು, ಅಂದರೆ ಕರ್ಮಶತ್ರುಗಳನ್ನು, ಹನನ ಮಾಡಿದವನು ಎಂದು ವಿವರಿಸುತ್ತಾರೆ. ಅತಿಶಯ ಪೂಜೆಗೆ ಅರ್ಹನಾದವನು ಎಂಬ ಅರ್ಥವನ್ನೂ ಹೇಳುತ್ತಾರೆ. ಖಾರವೇಲನ ಹಾಥಿಗುಂಫಾ ಶಾಸನದಲ್ಲಿರುವ ರೂಪ ‘ಅರಹಂತ’. ಶಬ್ದದ ಮೂಲ ‘ಅರ್ಹ’ ಧಾತು. ನಿರುಕ್ತಿಯು ಭಾವನೆಗೆ ದಾರಿ ತೋರುತ್ತದೆ. ಆಚಾರ್ಯರ ಉದ್ದೇಶವೂ ಅದೇ. ಅದೇ ವಿಧಾನವನ್ನು ಊರಿನ ಹೆಸರಿಗೆ ಹಚ್ಚಿ ‘ಇಲ್ಲಿ ಬಸದಿಗಳಿದ್ದವು’ ಎನ್ನುವುದು ಆಚಾರ್ಯರಿಗೂ ಇತಿಹಾಸಕ್ಕೂ ಮಾಡುವ ಅಪಚಾರ. ಜೈನರ ಪ್ರಾಚೀನತೆಯನ್ನು ಸಾರಲು ಐಹೊಳೆಯ ಮೇಗುಟಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವೇ ಇರುವಾಗ ಇಂಥ ಎರವಲು ಸಾಕ್ಷಿ ಏಕೆ ಬೇಕು?

‘ಅಂಗನವಾಡಿ’ಯಂತೂ ಚರ್ಚೆಗೇ ಅರ್ಹವಲ್ಲ. ಶಿಶು ಅಭಿವೃದ್ಧಿ ಯೋಜನೆಯೊಡನೆ 1975ರಲ್ಲಿ ಬಳಕೆಗೆ ಬಂದ ಆ ಹೆಸರಿಗೂ ಈ ಊರಿಗೂ ಸಂಬಂಧವಿಲ್ಲ.

ಇದು ಕೇವಲ ಪಂಡಿತರ ಜಗಳವಲ್ಲ. ಗಡಿವಿವಾದದಲ್ಲಿ ಊರಿನ ಹೆಸರುಗಳನ್ನು ಹಕ್ಕುಪತ್ರಗಳಂತೆ ಎತ್ತಿ ಹಿಡಿಯುವುದು 1967ರ ಮಹಾಜನ ವರದಿಯ ನಂತರವೂ ನಿಂತಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ ತಿದ್ದುವ ಕೈ. ಯಾರೋ ಒಬ್ಬರು ಉತ್ಸಾಹದಿಂದ ಫಲಕದಲ್ಲಿ ‘ಅನಘವಾಡಿ’ ಎಂದು ಬರೆಸಿದರೆ, ಮುಂದಿನ ತಲೆಮಾರಿಗೆ ಆ ಫಲಕವೇ ಆಧಾರವಾಗುತ್ತದೆ. ಆಗ ಊಹೆ ಸಾಕ್ಷ್ಯವಾಗುತ್ತದೆ, ನಿಜವಾದ ಸಾಕ್ಷ್ಯ ಅಳಿಯುತ್ತದೆ. ಶಾಸನದ ರೂಪ, ಕುಲಕರ್ಣಿಗಳ ಮೋಡಿ ಕಡತ, ಹಳೆಯ ಮೋಜಣಿಯ ದಾಖಲೆ, ಊರ ಹಿರಿಯರ ಉಚ್ಚಾರ, ಇವುಗಳನ್ನು ಒಟ್ಟಿಗಿಟ್ಟು ತೂಗಿದ ಮೇಲೆಯೇ ತೀರ್ಪು. ಅಲ್ಲಿಯವರೆಗೆ ಊರವರು ಹೇಗೆ ಕರೆಯುತ್ತಾರೋ ಹಾಗೆಯೇ ಬರೆಯುವುದು ವಿದ್ವಾಂಸರ ಕರ್ತವ್ಯ.