ಮೈಲೇಜ್ ಸೋರುವುದು ಬ್ರೇಕ್ ಪೆಡಲಿನಲ್ಲಿ

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಒಂದು ಟನ್ ತೂಕದ ಸಣ್ಣ ಕಾರನ್ನು ಬ್ರೇಕ್ ತುಳಿದು ನಿಲ್ಲಿಸಿದರೆ, ಅದರಲ್ಲಿದ್ದ ಸುಮಾರು 139 ಕಿಲೋಜೂಲ್ ಶಕ್ತಿ ಬಿಸಿಯಾಗಿ ಗಾಳಿ ಸೇರುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್‌ನಷ್ಟು ಶಕ್ತಿ ಇದ್ದರೂ ನಗರದ ಓಡಾಟದಲ್ಲಿ ಚಕ್ರದವರೆಗೆ ಬಂದು ಮುಟ್ಟುವುದು ಹೆಚ್ಚುಕಡಿಮೆ ಅದರ ಐದನೇ ಒಂದು ಪಾಲು. ಅಂದರೆ ನಿಂತ ಕಾರನ್ನು ಮತ್ತೆ ಅದೇ ವೇಗಕ್ಕೆ ತರಲು ಸುಮಾರು 20 ಮಿಲಿಲೀಟರ್ ಪೆಟ್ರೋಲ್ ಸುಡಬೇಕು. ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಅದು ಎರಡು ರೂಪಾಯಿ. ಕಚೇರಿಗೆ ಹೋಗಿಬರುವ ದಾರಿಯಲ್ಲಿ ಇಂಥ ಇಪ್ಪತ್ತು ಬ್ರೇಕುಗಳನ್ನು ತಪ್ಪಿಸಬಹುದಾದರೆ ತಿಂಗಳಿಗೆ ಸಾವಿರ ರೂಪಾಯಿಯ ಲೆಕ್ಕವಾಯಿತು.

ಆದರೆ ಮೈಲೇಜಿನ ವಿಷಯ ಬಂದಾಗ ನಾವು ಮಾತಾಡುವುದು ಯಾವ ಕಂಪನಿಯ ಕಾರು, ಯಾವ ಬಂಕು, ಯಾವ ಆಯಿಲ್ ಎಂದೇ. ಈಚೆಗೆ ಅದಕ್ಕೆ ಎಥೆನಾಲ್ ಸೇರಿಕೊಂಡಿದೆ. ಆ ದೂರಿನಲ್ಲಿ ಸತ್ಯವಿದೆ: ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ ಇರುತ್ತದೆ. ಶೇ 20ರಷ್ಟು ಬೆರೆಸಿದರೆ ಹಳೆಯ ವಿನ್ಯಾಸದ ಕಾರುಗಳ ಇಂಧನ ದಕ್ಷತೆ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆದರೂ ಒಂದೇ ಕಾರನ್ನು ಒಂದೇ ದಾರಿಯಲ್ಲಿ ಇಬ್ಬರು ಓಡಿಸಿದಾಗ ಕಾಣುವ ವ್ಯತ್ಯಾಸ ಅನೇಕ ಸಲ ಇದಕ್ಕಿಂತ ದೊಡ್ಡದು. ಎಥೆನಾಲ್ ಪ್ರಮಾಣ ನಮ್ಮ ಕೈಯಲ್ಲಿಲ್ಲ, ಓಡಿಸುವ ರೀತಿ ಇದೆ.

ಷೋರೂಮಿನಲ್ಲಿ ತೋರಿಸುವ ಅಂಕಿಯೂ ದಾರಿ ತಪ್ಪಿಸುತ್ತದೆ. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್‌ಗಳ ಮೇಲೆ. ಸುಮಾರು 20 ನಿಮಿಷ, ಹನ್ನೊಂದು ಕಿಲೋಮೀಟರಿಗೂ ಕಡಿಮೆ ದೂರ, ಗರಿಷ್ಠ ವೇಗ 90. ಎ.ಸಿ. ಆಫ್ ಆಗಿರುತ್ತದೆ. ಅಲ್ಲಿ ಹಂಪ್ ಇಲ್ಲ, ಅಡ್ಡಬರುವ ಆಟೊ ಇಲ್ಲ. ಆ ಅಂಕಿಯಿಂದ ಎರಡು ಕಾರುಗಳನ್ನು ಹೋಲಿಸಿ ನೋಡಬಹುದೇ ಹೊರತು ನಮ್ಮ ರಸ್ತೆಯಲ್ಲಿ ನಮ್ಮ ಕಾರು ಎಷ್ಟು ಕೊಡುತ್ತದೆಂದು ಹೇಳಲಾಗದು.

ಚಾಲಕನ ಕಾಲಿಗೂ ಇಂಧನದ ಖರ್ಚಿಗೂ ಇರುವ ನಂಟನ್ನು ಚೆನ್ನಾಗಿ ಬಲ್ಲವರು ನಮ್ಮ ಸಾರಿಗೆ ಸಂಸ್ಥೆಗಳ ಡಿಪೊದವರು. ಅಲ್ಲಿ ಪ್ರತಿ ಚಾಲಕನ ಕೆಎಂಪಿಎಲ್, ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದು, ದಾಖಲಾಗುತ್ತದೆ. ಕಡಿಮೆ ಬಂದವರನ್ನು ಕರೆದು ಕೇಳುತ್ತಾರೆ, ತರಬೇತಿಗೆ ಕಳಿಸುತ್ತಾರೆ. ದಿನಕ್ಕೆ 300 ಕಿ.ಮೀ. ಓಡುವ ಬಸ್ಸು ಲೀಟರಿಗೆ 5ರ ಬದಲು 5.2 ಕಿ.ಮೀ. ಕೊಟ್ಟರೆ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಡೀಸೆಲ್ ಉಳಿಯುತ್ತದೆ. ಸಾವಿರಾರು ಬಸ್ಸುಗಳಿಗೆ ಇದನ್ನು ಗುಣಿಸಿಕೊಂಡರೆ ಆ ಶಿಸ್ತು ಏಕೆ ಬೇಕಾಯಿತೆಂದು ತಿಳಿಯುತ್ತದೆ. ನುರಿತ ಬಸ್ ಚಾಲಕ ಸ್ಟಾಪು ಕಣ್ಣಿಗೆ ಬಿದ್ದೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಬಸ್ಸನ್ನು ತಾನಾಗಿ ನಿಧಾನವಾಗಲು ಬಿಡುವುದನ್ನು ಗಮನಿಸಿ. ಇಂಧನ ಉಳಿಸುವ ವಿದ್ಯೆಯ ಮುಕ್ಕಾಲು ಪಾಲು ಅಷ್ಟರಲ್ಲೇ ಇದೆ: ಮುಂದಿನ ವಾಹನದ ಹಿಂಬದಿಯ ದೀಪವನ್ನಷ್ಟೇ ನೋಡದೆ ಅದರಾಚೆಯ ಮೂರ್ನಾಲ್ಕು ವಾಹನಗಳನ್ನು, ಸಿಗ್ನಲನ್ನು, ತಿರುವನ್ನು ನೋಡುತ್ತ ಓಡಿಸುವುದು.

ಬೆಂಗಳೂರಿನಲ್ಲಿ ಇದು ನಡೆಯುವ ಮಾತಲ್ಲ, ಒಂದಿಷ್ಟು ಜಾಗ ಬಿಟ್ಟರೆ ಆಟೊನೋ ಬೈಕೋ ನುಗ್ಗುತ್ತದೆ ಎಂಬ ಆಕ್ಷೇಪ ಕೇಳಿಬರುತ್ತದೆ. ನುಗ್ಗುವುದು ನಿಜ. ಆದರೆ ನುಗ್ಗಿದ ಬೈಕಿನಿಂದ ನಮಗಾಗುವ ನಷ್ಟ ಆರೇಳು ಅಡಿ ಜಾಗ. ಅದನ್ನು ತಡೆಯಲೆಂದು ಮುಂದಿನ ಕಾರಿಗೆ ಅಂಟಿಕೊಂಡು ಹೋದರೆ ಅದು ಬ್ರೇಕ್ ಹಾಕಿದಾಗೆಲ್ಲ ನಾವೂ ಹಾಕಬೇಕು, ಅದು ಹೊರಟಾಗೆಲ್ಲ ನಾವೂ ಹಾರಬೇಕು. ಸಿಲ್ಕ್ ಬೋರ್ಡ್ ದಾರಿಯಲ್ಲಿ ಎರಡನೇ ಗೇರಿನಲ್ಲಿ ಒಂದೇ ಸಮನೆ ತೆವಳುವವರೂ ಹಾರಿ ಹಾರಿ ನಿಲ್ಲುವವರೂ ಮುಂದಿನ ಸಿಗ್ನಲಿಗೆ ಬಂದು ಸೇರುವುದು ಒಟ್ಟಿಗೇ.

ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಂಬ ನಂಬಿಕೆಯನ್ನು ಮಾತ್ರ ಗಟ್ಟಿಯಾಗಿ ಅಲ್ಲಗಳೆಯಬೇಕು. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಎಂಜಿನ್ನನ್ನೇ ಆಫ್ ಮಾಡಿ ಇಳಿದೆನೆಂದು ಹೆಮ್ಮೆಯಿಂದ ಹೇಳುವವರು ಈಗಲೂ ಸಿಗುತ್ತಾರೆ. ಕಾರ್ಬ್ಯುರೇಟರ್ ಇದ್ದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಆ ಲೆಕ್ಕಕ್ಕೆ ಸ್ವಲ್ಪ ಅರ್ಥವಿತ್ತು. ಇಂದಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್ ಬಿದ್ದಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಇಂಧನ ಹರಿಯಲೇಬೇಕು. ಉಳಿತಾಯದ ಹೆಸರಿನಲ್ಲಿ ಖರ್ಚು ಹೆಚ್ಚುತ್ತದೆ. ಇನ್ನು ಎಂಜಿನ್ ಆಫ್ ಮಾಡಿದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಸಲ ತುಳಿಯುವುದರೊಳಗೆ ಮುಗಿಯುತ್ತದೆ. ಗೇರಿನ ಹಿಡಿತವೂ ಇಲ್ಲದೆ ಬ್ರೇಕನ್ನೇ ನೆಚ್ಚಿಕೊಂಡ ವಾಹನ ಹೇರ್‌ಪಿನ್ ತಿರುವಿಗೆ ಬರುವಾಗ ಬ್ರೇಕ್ ಕಾದು ಹಿಡಿಯದೇ ಹೋಗಬಹುದು. ಏರಿದ ಗೇರಿನಲ್ಲೇ ಇಳಿಯಿರಿ ಎಂಬ ಲಾರಿ ಚಾಲಕರ ಹಳೆಯ ಮಾತು ಜೀವಕ್ಕೂ ಜೇಬಿಗೂ ಒಳ್ಳೆಯದು.

ಹೆದ್ದಾರಿಯಲ್ಲಿ ಬ್ರೇಕಿನ ಪ್ರಶ್ನೆ ಕಡಿಮೆ, ಅಲ್ಲಿ ಇಂಧನ ತಿನ್ನುವುದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟು ದಾಟುತ್ತದೆ, 120ಕ್ಕೆ ಹೋದರೆ ಎರಡೂಕಾಲು ಪಟ್ಟು. ಬೆಂಗಳೂರು–ಮೈಸೂರು ಹೆದ್ದಾರಿಯ ಸುಮಾರು 118 ಕಿ.ಮೀ. ಅನ್ನು ಪೂರ್ತಿ ಒಂದೇ ವೇಗದಲ್ಲಿ ಕ್ರಮಿಸಿದೆವೆಂದುಕೊಂಡರೂ 80ಕ್ಕೂ 100ಕ್ಕೂ ನಡುವಿನ ಅಂತರ 18 ನಿಮಿಷ. ಭಾನುವಾರ ಸಂಜೆ ಆ 18 ನಿಮಿಷವನ್ನು ಕೆಂಗೇರಿಯೊಂದೇ ನುಂಗಿಬಿಡುತ್ತದೆ. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಗಂಟೆಗೆ 45ರಿಂದ 55 ಕಿ.ಮೀ. ವೇಗವನ್ನು ಬಹುಕಾಲದಿಂದ ಹೇಳುತ್ತ ಬಂದಿದೆ. ಎಂಜಿನ್ನಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ಉಳಿದವರೆಲ್ಲ ನೂರರಲ್ಲಿ ಹೋಗುವ ರಸ್ತೆಯಲ್ಲಿ ಐವತ್ತರಲ್ಲಿ ಹೋಗುವುದು ಅಪಾಯ. ಎಡ ಲೇನಿನಲ್ಲಿ ಸಮನಾದ 80 ನನ್ನ ಪ್ರಕಾರ ಒಳ್ಳೆಯ ರಾಜಿ. ಗಾಳಿ ತಪ್ಪಿಸಿಕೊಳ್ಳಲೆಂದು ಲಾರಿಯ ಹಿಂದೆ ಅಂಟಿಕೊಂಡು ಹೋಗುವುದನ್ನು ಯಾವ ಉಳಿತಾಯವೂ ಸಮರ್ಥಿಸಲಾರದು.

ಉಳಿದವು ಸಣ್ಣವು, ಆದರೆ ಕೂಡಿಕೊಳ್ಳುತ್ತವೆ. ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿಸಬೇಕು. ಪ್ರವಾಸ ಮುಗಿದ ಮೇಲೆ ಚಾವಣಿಯ ಕ್ಯಾರಿಯರ್ ಇಳಿಸಬೇಕು. ಎಂಜಿನ್ ಕಿರುಚುವ ಮುಂಚೆ ಗೇರ್ ಏರಿಸಬೇಕು, ಒದ್ದಾಡುವಷ್ಟು ಬೇಗ ಏರಿಸಬಾರದು. ಬೆಳಿಗ್ಗೆ ಎಂಜಿನ್ ಬಿಸಿಯಾಗಲೆಂದು ಐದು ನಿಮಿಷ ನಿಲ್ಲಿಸಿಕೊಳ್ಳುವ ಅಗತ್ಯ ಈಗಿನ ಕಾರುಗಳಿಗಿಲ್ಲ. ನಿಂತಲ್ಲೇ ಓಡುವ ಎಂಜಿನ್ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಕುಡಿಯಬಲ್ಲದು, ಆದ್ದರಿಂದ ಉದ್ದದ ಕೆಂಪು ದೀಪದಲ್ಲಿ ಆಫ್ ಮಾಡುವುದು ಲಾಭ.

ಎಲ್ಲವನ್ನೂ ಚಾಲಕನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹಂಪ್ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟಬಲ್ಲಂಥದ್ದು. ನಮ್ಮ ಊರೂರಿನ ಹಂಪುಗಳು ಬಣ್ಣವಿಲ್ಲದೆ, ಫಲಕವಿಲ್ಲದೆ, ಗೋಡೆಯಂತೆ ಎದ್ದು ನಿಂತಿವೆ. ಕಾರು ಪೂರ್ತಿ ನಿಂತು, ಮೊದಲ ಗೇರಿನಲ್ಲಿ ಹತ್ತಿಳಿಯಬೇಕು. ಶಾಲೆಯ ಮುಂದೆ ವೇಗ ತಗ್ಗಲೇಬೇಕು, ಅದಕ್ಕೆ ಸರಿಯಾದ ಹಂಪ್ ಸಾಕು. ತಪ್ಪಾಗಿ ಕಟ್ಟಿದ ಒಂದು ಹಂಪ್ ದಿನವಿಡೀ ಸಾವಿರಾರು ವಾಹನಗಳಿಂದ ಆ ಎರಡೆರಡು ರೂಪಾಯಿ ವಸೂಲಿ ಮಾಡುತ್ತಿರುತ್ತದೆ.

ಇದರ ಬಿಸಿ ತಟ್ಟುವುದು ಬಾಡಿಗೆಗೆ ಓಡಿಸುವವರಿಗೆ. ದಿನಕ್ಕೆ 150 ಕಿ.ಮೀ. ಓಡುವ, ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಹತ್ತರಲ್ಲೊಂದು ಪಾಲು ಇಂಧನ ಉಳಿದರೆ ದಿನಕ್ಕೆ ಒಂದು ಲೀಟರ್. ಆ ಮನೆಗೆ ತಿಂಗಳ ದಿನಸಿಯ ಒಂದು ಭಾಗ. ಆದರೆ ಡಿ.ಎಲ್. ಪರೀಕ್ಷೆಯಲ್ಲಿ ಎಂಟು ಹಾಕಿದಿರಾ, ರಿವರ್ಸ್ ತೆಗೆದಿರಾ, ಏರಿನಲ್ಲಿ ಹಿಂದೆ ಜಾರದೆ ನಿಲ್ಲಿಸಿದಿರಾ ಎಂದು ನೋಡುತ್ತಾರೆ. ಮುಂದಿನ ಅಡ್ಡಿಯನ್ನು ಎಷ್ಟು ದೂರದಿಂದ ಗ್ರಹಿಸಿದಿರಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್ನಿನಲ್ಲಿ 2008ರಿಂದ ಪರೀಕ್ಷಕರು ಇದನ್ನೂ ಗಮನಿಸಿ ಅಭ್ಯರ್ಥಿಗೆ ತಿಳಿಸುತ್ತಾರೆ. ಪಾಸು–ಫೇಲಿಗೆ ಅದು ಸೇರುವುದಿಲ್ಲ. ಮೊದಲ ಐದು ಸೆಕೆಂಡಿನಲ್ಲಿ 20 ಕಿ.ಮೀ. ವೇಗಕ್ಕೆ ಮಾತ್ರ ಏರಿ ಎಂಬ ಸರಳ ನಿಯಮವನ್ನು ಜಪಾನ್ ಜನರಿಗೆ ಕಲಿಸಿದೆ. ನಮಗೆ ಪರದೇಶದಿಂದ ಗುರುಗಳೂ ಬೇಕಿಲ್ಲ. ಕೆಎಂಪಿಎಲ್‌ನಲ್ಲಿ ಮುಂದಿದ್ದು ನಿವೃತ್ತರಾದ ಬಸ್ ಚಾಲಕರು ಪ್ರತಿ ತಾಲ್ಲೂಕಿನಲ್ಲಿದ್ದಾರೆ. ಡಿ.ಎಲ್. ಪಡೆಯುವ ಮುನ್ನ ಪ್ರತಿಯೊಬ್ಬ ಕಲಿಕಾರ್ಥಿ ಇಂಥವರ ಪಕ್ಕದಲ್ಲಿ ಕೂತು ಎರಡು ಗಂಟೆ ಓಡಿಸಬೇಕೆಂದು ಸಾರಿಗೆ ಇಲಾಖೆ ನಿಯಮ ಮಾಡಲಿ, ಡ್ರೈವಿಂಗ್ ಸ್ಕೂಲುಗಳು ಅದಕ್ಕೆ ಅವರಿಗೆ ಗೌರವಧನ ಕೊಡಲಿ.