ಎರಡನೇ ಕಾಲಂನ ನೀರು

ನಮ್ಮ ಊರುಗಳಲ್ಲಿ ನಲ್ಲಿ ತಿರುಗಿಸುವುದಕ್ಕೂ ಒಂದು ಶಾಸ್ತ್ರವಿದೆ. ‘ನೀರು ಬಿಟ್ರು’ ಎಂಬ ಕೂಗು ಬೀದಿಯಲ್ಲಿ ಎದ್ದರೂ ಯಾರೂ ಕುಡಿಯುವ ಬಿಂದಿಗೆಯನ್ನು ಮೊದಲು ಇಡುವುದಿಲ್ಲ. ಮೊದಲು ಬುಸ್ಸೆಂದು ಗಾಳಿ ಬರುತ್ತದೆ. ಆಮೇಲೆ ಚಹಾ ಬಣ್ಣದ ನೀರು. ಅದು ಗಿಡಕ್ಕೆ, ಬಚ್ಚಲಿಗೆ, ಬಟ್ಟೆ ನೆನೆಸುವ ಬಕೆಟ್ಟಿಗೆ. ಹತ್ತು ನಿಮಿಷ ಕಳೆದ ಮೇಲೆ ಅಂಗೈಯಲ್ಲಿ ಹಿಡಿದು ಮೂಸಿ ನೋಡಿ, ಬಾಯಿಗೆ ಪಂಚೆಯ ತುಂಡು ಕಟ್ಟಿದ ಬಿಂದಿಗೆಯನ್ನು ಒಡ್ಡುತ್ತಾರೆ. ಇದನ್ನು ಯಾವ ಜಲಮಂಡಳಿಯೂ ಹೇಳಿಕೊಟ್ಟದ್ದಲ್ಲ. ಮನೆಯಲ್ಲಿ ಮಕ್ಕಳು ವಾಂತಿಭೇದಿಯಿಂದ ಮಲಗಿದಾಗ ಹೆಂಗಸರು ಕಲಿತ ವಿದ್ಯೆ ಇದು.

ಈ ವಿದ್ಯೆ ಸರಿ ಎಂದು ಪ್ರಯೋಗಾಲಯ ಸಾಕ್ಷಿ ನುಡಿದದ್ದೂ ನಮ್ಮ ನೆಲದಲ್ಲೇ. ಹುಬ್ಬಳ್ಳಿ–ಧಾರವಾಡದ ಎಂಟು ವಾರ್ಡುಗಳಿಗೆ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಹರಿಸುವ ಯೋಜನೆ ಬಂತು. ಉಳಿದ ಊರಿಗೆ ಎಂದಿನಂತೆ ಕೆಲವು ದಿನಕ್ಕೊಮ್ಮೆ, ಕೆಲವು ತಾಸು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಲ್ಲಿಗಳಿಂದ ನೀರು ಹಿಡಿದು ಪರೀಕ್ಷಿಸಿದರು. ಬಿಟ್ಟುಬಿಟ್ಟು ನೀರು ಬರುವ ಬಡಾವಣೆಗಳ ಮಾದರಿಗಳಲ್ಲಿ ಸುಮಾರು ಮೂರನೇ ಒಂದು ಪಾಲಿನಲ್ಲಿ ಇ-ಕೋಲಿ ಇತ್ತು, ಅಂದರೆ ಮಲದ ಗುರುತು. ಸದಾ ನೀರಿರುವ ಕಡೆ ನೂರು ಮಾದರಿಗೆ ಒಂದೂ ಸಿಗುವುದು ಕಷ್ಟವಾಗಿತ್ತು. ಮೊದಲು ಬರುವ ನೀರೇ ಹೆಚ್ಚು ಕೊಳಕು ಎಂಬುದೂ ಅವರ ಲೆಕ್ಕದಲ್ಲಿ ಸಿಕ್ಕಿತು. ನಮ್ಮ ತಾಯಂದಿರ ಹತ್ತು ನಿಮಿಷ ವ್ಯರ್ಥವಾಗಿರಲಿಲ್ಲ.

ಕಾರಣ ಸರಳ. ಕೊಳವೆಯಲ್ಲಿ ನೀರು ತುಂಬಿ ಒತ್ತಡವಿದ್ದಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ವಾಲ್ವ್ ತಿರುಗಿಸಿ ನಿಲ್ಲಿಸಿದ ಮೇಲೆ ಒತ್ತಡ ಇಳಿದು, ಅದೇ ಬಿರುಕು ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಏನಿದೆ? ನಮ್ಮ ಬೀದಿಗಳಲ್ಲಿ ಒಂದೇ ಗುಂಡಿಯಲ್ಲಿ ಕುಡಿಯುವ ನೀರಿನ ಕೊಳವೆಯೂ ಒಳಚರಂಡಿಯೂ ಅಕ್ಕಪಕ್ಕ ಮಲಗಿರುತ್ತವೆ. ಅದರ ಮೇಲೆ ಕೇಬಲ್ಲಿನವರು ಅಗೆಯುತ್ತಾರೆ, ಗ್ಯಾಸಿನವರು ಅಗೆಯುತ್ತಾರೆ, ಹೊಸ ಟಾರು ಹಾಕಿದ ವಾರದಲ್ಲಿ ಮತ್ತೆ ಯಾರೋ ಅಗೆಯುತ್ತಾರೆ. ಶುದ್ಧೀಕರಣ ಘಟಕದ ಬಾಗಿಲಲ್ಲಿ ನೀರು ಎಷ್ಟು ಶುದ್ಧವಾಗಿತ್ತು ಎಂಬ ಸರ್ಟಿಫಿಕೇಟು ಈ ಗುಂಡಿಯ ಅಂಚಿನಲ್ಲಿ ಮುಗಿದುಹೋಗುತ್ತದೆ.

ಹಾಗಾದರೆ ಸುರಕ್ಷತೆಯ ಮಿತಿ ಎಂಬುದು ಎಲ್ಲಿದೆ? ಕಾಗದದ ಮೇಲೆ ಅಚ್ಚುಕಟ್ಟಾಗಿಯೇ ಇದೆ. ಐಎಸ್‌ಐ ಮಾರ್ಕು ಕೊಡುವ ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿಗೆ ‘ಐಎಸ್ 10500’ ಎಂಬ ಮಾನದಂಡ ಮಾಡಿದೆ. ಈಗಿನದು 2012ರ ಆವೃತ್ತಿ. ಅದರಲ್ಲಿ ಒಂದು ವಿಚಿತ್ರವಿದೆ, ಓದುಗರು ಗಮನಿಸಬೇಕು. ಪ್ರತಿ ಅಂಶಕ್ಕೂ ಎರಡು ಕಾಲಂ. ಮೊದಲನೆಯದು ಸ್ವೀಕಾರಾರ್ಹ ಮಿತಿ. ಎರಡನೆಯದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಸಹಿಸಿಕೊಳ್ಳಬಹುದಾದ ಮಿತಿ. ಕರಗಿದ ಲವಣಾಂಶ ಮೊದಲ ಕಾಲಂನಲ್ಲಿ ಲೀಟರಿಗೆ 500 ಮಿಲಿಗ್ರಾಂ, ಎರಡನೆಯದರಲ್ಲಿ 2000. ಗಡಸುತನ 200, ಇಲ್ಲದಿದ್ದರೆ 600. ಫ್ಲೋರೈಡ್ 1, ಇಲ್ಲದಿದ್ದರೆ 1.5. ಬೇರೆ ಮೂಲ ಇಲ್ಲ ಎಂದು ತೀರ್ಮಾನಿಸುವವರು ಯಾರು? ನೀರು ಕೊಡುವವರೇ. ಎಷ್ಟು ವರ್ಷದವರೆಗೆ ಇಲ್ಲ? ಅದಕ್ಕೆ ಮಾನದಂಡದಲ್ಲಿ ಉತ್ತರವಿಲ್ಲ. ಆಪತ್ಕಾಲಕ್ಕೆಂದು ಇಟ್ಟ ಎರಡನೇ ಕಾಲಂನಲ್ಲೇ ನಮ್ಮ ಎಷ್ಟೋ ಊರುಗಳು ತಲೆಮಾರು ಕಳೆದಿವೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಹಳದಿಗಟ್ಟಿದ ಹಲ್ಲು, ಬಾಗಿದ ಕಾಲು ಕಂಡವರಿಗೆ ಆ ಕಾಲಂನ ಅರ್ಥ ಬೇರೆ ಹೇಳಬೇಕಿಲ್ಲ. ಎಷ್ಟೋ ಬೋರ್‌ವೆಲ್‌ಗಳು ಅಲ್ಲಿ ಅದನ್ನೂ ದಾಟಿದ್ದವು.

ಆದರೆ ಕೆಲವು ಅಂಶಗಳಿಗೆ ಎರಡನೇ ಕಾಲಂ ಇಲ್ಲ. ‘ಸಡಿಲಿಕೆ ಇಲ್ಲ’ ಎಂದೇ ಬರೆದಿದೆ. ನೈಟ್ರೇಟ್ 45 ಮಿಲಿಗ್ರಾಂ, ಅಷ್ಟೇ. ಸೀಸ 0.01, ಅಷ್ಟೇ. ಇ-ಕೋಲಿಯಂತೂ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಕೂಡದು. ಹುಬ್ಬಳ್ಳಿಯ ಆ ಮೂರನೇ ಒಂದು ಪಾಲನ್ನು ಈ ಸಾಲಿನ ಪಕ್ಕ ಇಟ್ಟು ನೋಡಿ.

ಮಿತಿ ಎಂದರೆ ಪ್ರಕೃತಿ ಎಳೆದ ಗೆರೆ ಎಂದು ತಿಳಿಯುವವರಿಗೆ ಒಂದು ಮಾತು. ಯುರೇನಿಯಂ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ 1998ರಲ್ಲಿ ಲೀಟರಿಗೆ 2 ಮೈಕ್ರೋಗ್ರಾಂ ಇತ್ತು, 2004ರಲ್ಲಿ 15 ಆಯಿತು, 2011ರಲ್ಲಿ 30. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ 60ರವರೆಗೂ ಅಡ್ಡಿಯಿಲ್ಲ ಎಂದಿತ್ತು. ಕೋಲಾರ, ಚಿಕ್ಕಬಳ್ಳಾಪುರದ ಬಂಡೆಯಾಳದ ಬೋರ್‌ವೆಲ್ ನೀರು ಕುಡಿಯುವ ರೈತನ ಮೂತ್ರಪಿಂಡಕ್ಕೆ ಈ ಸಂಖ್ಯೆಗಳ ಏರಿಳಿತ ಗೊತ್ತಿಲ್ಲ. ಇರುವ ತಿಳಿವಳಿಕೆ, ತಗಲುವ ಖರ್ಚು, ಕೈಗೆಟಕುವ ತಂತ್ರ ಇಷ್ಟನ್ನೂ ತೂಗಿ ಮನುಷ್ಯರು ಕೂತು ಬರೆದದ್ದು ಮಿತಿ. ಅದಕ್ಕೇ ಅದನ್ನು ಕಾಯುವವರು ಬೇಕು.

ಕಾಯುವವರು ಇದ್ದಾರೆಯೇ? ಇಲ್ಲಿದೆ ನಮ್ಮ ಮುಖ್ಯ ತಕರಾರು. ಅಂಗಡಿಯ ಬಾಟಲಿ ನೀರು ಆಹಾರ ಸುರಕ್ಷತಾ ಕಾಯ್ದೆಯ ಅಡಿಯಲ್ಲಿದೆ. ತಯಾರಕನಿಗೆ ಪರವಾನಗಿ ಬೇಕು, ಕೆಟ್ಟ ನೀರು ಮಾರಿದರೆ ದಂಡ ಉಂಟು, ಜೈಲೂ ಉಂಟು. 2024ರ ಕೊನೆಯಲ್ಲಿ ಅದನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿ ವರ್ಷವರ್ಷವೂ ತಪಾಸಣೆ ಎಂದರು. ಕೋಟ್ಯಂತರ ಜನ ಕುಡಿಯುವ ನಲ್ಲಿ ನೀರಿಗೆ ಐಎಸ್ 10500 ಬರೀ ಸಲಹೆ. ಪಾಲಿಸಿದರೆ ಒಳ್ಳೆಯದು, ಪಾಲಿಸದಿದ್ದರೆ ಯಾವ ಎಂಜಿನಿಯರನೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ. ಶುದ್ಧ ನೀರು ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ಆ ಹಕ್ಕಿಗೆ ಇಂದಿಗೂ ಒಂದು ಮಿಲಿಗ್ರಾಂ ಲೆಕ್ಕದ ಕಾನೂನು ಹುಟ್ಟಿಲ್ಲ.

2019ರ ನವೆಂಬರಿನಲ್ಲಿ ಅಂದಿನ ಕೇಂದ್ರ ಸಚಿವ ರಾಮ್‌ವಿಲಾಸ್ ಪಾಸ್ವಾನ್ ರಾಜಧಾನಿ ನಗರಗಳ ನಲ್ಲಿ ನೀರಿನ ಪರೀಕ್ಷಾ ಫಲಿತಾಂಶ ಬಿಡುಗಡೆ ಮಾಡಿದ್ದು ನೆನಪಿರಬಹುದು. ಮುಂಬೈಯ ಹತ್ತಕ್ಕೆ ಹತ್ತೂ ಮಾದರಿ ಪಾಸು. ದೆಹಲಿಯ ಹನ್ನೊಂದಕ್ಕೆ ಹನ್ನೊಂದೂ ಫೇಲು. ಒಂದೇ ಒಂದು ಮಾದರಿಯೂ ಮಾನದಂಡ ಮುಟ್ಟದ ಇನ್ನೂ 13 ರಾಜಧಾನಿಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರಿತ್ತು. ದೆಹಲಿಯಲ್ಲಿ ಮಾದರಿ ಎಲ್ಲಿಂದ ತಂದಿರಿ ಎಂದು ಪಕ್ಷಗಳು ಬಡಿದಾಡಿದವು. ಬೆಂಗಳೂರಿನಲ್ಲಿ ಅಷ್ಟೂ ಆಗಲಿಲ್ಲ. ಎರಡು ದಿನ ಸುದ್ದಿ, ಮೂರನೆಯ ದಿನ ಮೌನ. ಮಾನದಂಡ ಕಡ್ಡಾಯ ಮಾಡುವ ಮಾತು ಆಗ ಕೇಳಿಬಂತು, ಮಾತಾಗಿಯೇ ಉಳಿಯಿತು.

ಬೆಂಗಳೂರಿನ ಕಥೆಯಲ್ಲಿ ನಾಚಿಕೆಯ ಪಾಲು ಹೆಚ್ಚು. 1896ರಲ್ಲೇ ಹೆಸರಘಟ್ಟದಿಂದ ಕೊಳವೆ ನೀರು ಕಂಡ ಊರಿದು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಮನೆಬಾಗಿಲಲ್ಲಿದ್ದ ಅರ್ಕಾವತಿಯ ಆ ನೀರನ್ನು ಎಷ್ಟು ಕೆಡಿಸಿದೆವೆಂದರೆ 2012ರ ಹೊತ್ತಿಗೆ ಅಲ್ಲಿಂದ ಕುಡಿಯಲು ಎತ್ತುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ತೊರೆಕಾಡನಹಳ್ಳಿಯಲ್ಲಿ ಸೋಸಿ, ಬೆಟ್ಟ ಹತ್ತಿಸಿದಂತೆ ಮೇಲೆತ್ತಿ ತರುತ್ತಿದ್ದೇವೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು, ಹೊರವಲಯದ 110 ಹಳ್ಳಿಗಳಿಗಾಗಿ. ಭಾಷಣಗಳಲ್ಲೆಲ್ಲ ಲೀಟರಿನ ಲೆಕ್ಕ. ಆ ನೀರು ಕೊನೆಯ ನಲ್ಲಿ ತಲುಪುವಾಗ ಅದರಲ್ಲಿ ಕ್ಲೋರಿನ್ ಎಷ್ಟು ಉಳಿದಿರುತ್ತದೆ ಎಂಬ ಲೆಕ್ಕ ಯಾರ ಬಾಯಲ್ಲೂ ಬರಲಿಲ್ಲ. ಮಾನದಂಡದ ಪ್ರಕಾರ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಅಷ್ಟಿದ್ದರೆ ದಾರಿಯಲ್ಲಿ ಸೇರಿದ ಕ್ರಿಮಿಯನ್ನು ಒಂದಿಷ್ಟಾದರೂ ಅದು ತಡೆಯುತ್ತದೆ.

ನಲ್ಲಿಯಿಂದ ಸಂಪಿಗೆ ಬಿದ್ದ ಮೇಲೆ ಕಥೆ ಇನ್ನೂ ಗೋಜಲು. ವಾರಕ್ಕೆರಡು ದಿನದ ಕಾವೇರಿ, ಸಾವಿರ ಅಡಿಯ ಬೋರ್‌ವೆಲ್ಲು, ಎಲ್ಲಿಂದ ತುಂಬಿ ತಂದನೋ ಗೊತ್ತಿಲ್ಲದ ಟ್ಯಾಂಕರು ಮೂರೂ ಒಂದೇ ಸಂಪಿನಲ್ಲಿ ಸೇರುತ್ತವೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದವೆಂದು ಮುಖ್ಯಮಂತ್ರಿಯೇ ಹೇಳಿದರು. ಆಗ ಟ್ಯಾಂಕರಿನ ದರಕ್ಕೆ ಸರ್ಕಾರ ಕಡಿವಾಣ ಹಾಕಿತು, ಒಳ್ಳೆಯದೇ. ಟ್ಯಾಂಕರಿನ ನೀರಿಗೆ?

ಈ ಅನುಮಾನದ ಮೇಲೆ ಒಂದು ದೊಡ್ಡ ವ್ಯಾಪಾರ ನಿಂತಿದೆ. ಅಡುಗೆಮನೆಯ ಗೋಡೆಗೆ ಆರ್‌ಒ ಯಂತ್ರ, ಮೂಲೆಯಲ್ಲಿ 20 ಲೀಟರಿನ ಕ್ಯಾನು, ಬೀದಿ ತಿರುವಿನಲ್ಲಿ ನಾಣ್ಯ ಹಾಕಿದರೆ ನೀರು ಸುರಿಸುವ ಘಟಕ. ಕಾವೇರಿ ನೀರಿನ ಲವಣಾಂಶ 500ಕ್ಕಿಂತ ಬಹಳ ಕೆಳಗೇ ಇದೆ. ಅದಕ್ಕೆ ಆರ್‌ಒ ಹಾಕುವುದೆಂದರೆ ಇರುವ ಒಂದಿಷ್ಟು ಖನಿಜವನ್ನೂ ತೆಗೆದು, ನೂರು ಕಿಲೋಮೀಟರಿನಿಂದ ತಂದ ನೀರಿನ ದೊಡ್ಡ ಪಾಲನ್ನು ಮೋರಿಗೆ ಬಿಡುವುದು. 500ಕ್ಕಿಂತ ಕಡಿಮೆ ಇದ್ದಲ್ಲಿ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಆ ನೀರಿಗೆ ಬೇಕಾದದ್ದು ಕ್ರಿಮಿ ಸಾಯುವಂತೆ ಕುದಿಸುವುದು, ಇಲ್ಲವೇ ಯುವಿ ದೀಪ. ಬೋರ್‌ವೆಲ್ ನೀರಿನ ನೈಟ್ರೇಟ್ ವಿಷಯ ತಿರುವು ಮುರುವು. ಚರಂಡಿ, ಶೌಚಗುಂಡಿಗಳಿಂದ ಇಳಿದುಬಂದ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ಮೈ ನೀಲಿಗಟ್ಟುವ ಅಪಾಯವಿದೆ. ಅಂದರೆ ನೀರಿನಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಮದ್ದೂ ಗೊತ್ತಾಗುವುದಿಲ್ಲ. ಹಣ ಇರುವವರು ಯಂತ್ರ ಕೊಂಡು ಸುಮ್ಮನಾದರು, ಅವರ ಜೊತೆ ಅವರ ದನಿಯೂ ನಲ್ಲಿಯ ಮುಂದಿನಿಂದ ಹೊರಟುಹೋಯಿತು. ಪತ್ರಿಕೆಯವರಾದ ನಾವೂ ಆ ಸಾಲಿನವರೇ. ನಮ್ಮ ಕಚೇರಿಯಲ್ಲೂ ಕ್ಯಾನಿನ ನೀರೇ.

ನಲ್ಲಿಯ ಮುಂದೆ ಉಳಿದವರ ಗತಿಗೆ ದೂರ ಹೋಗಬೇಕಿಲ್ಲ. ಕೃಷ್ಣೆ, ತುಂಗಭದ್ರೆ ಎರಡರ ನಡುವಿನ ರಾಯಚೂರಿನಲ್ಲಿ 2022ರ ಮೇ–ಜೂನ್‌ನಲ್ಲಿ ನಗರಸಭೆಯ ನೀರು ಕುಡಿದು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, ದಲಿತರ ಕೇರಿಯಲ್ಲಿ, ಮತ್ತೆ ಅದೇ. ಅಮಾನತು, ಪರಿಹಾರದ ಚೆಕ್ಕು, ತನಿಖೆಯ ಆದೇಶ. ಸತ್ತ ಮೇಲೆ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಮೊದಲೇ ಹೋಗಬೇಕಾಗಿದ್ದ ಮಾದರಿ ಅದು.

ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲಿನಲ್ಲಿ ಖರ್ಚು ಉಳಿಸಲೆಂದು ನದಿ ನೀರಿಗೆ ಬದಲಾಯಿಸಿದರು. ಸವೆತ ತಡೆಯುವ ರಾಸಾಯನಿಕ ಹಾಕದೆ ಹಳೆಯ ಕೊಳವೆಗಳ ಸೀಸ ಕರಗಿ ಮನೆಮನೆಗೆ ಬಂತು. ಪರೀಕ್ಷೆಯಲ್ಲಿ ಎರಡು ಮಾದರಿಗಳನ್ನು ಪಟ್ಟಿಯಿಂದ ತೆಗೆದುಹಾಕಿ, 15 ಮೈಕ್ರೋಗ್ರಾಂ ಮಿತಿಯ ಒಳಗೇ ಇದ್ದೇವೆ ಎಂದು ಅಧಿಕಾರಿಗಳು ಸಾರಿದರು. ಮಕ್ಕಳ ರಕ್ತದಲ್ಲಿನ ಸೀಸದ ಲೆಕ್ಕ ಹಿಡಿದು ವೈದ್ಯೆ ಮೋನಾ ಹನ್ನಾ ಅತೀಶಾ ಎದ್ದು ನಿಲ್ಲುವವರೆಗೂ ಆ ಸುಳ್ಳು ನಡೆಯಿತು. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಕಡ್ಡಾಯದ ಸಂಖ್ಯೆಯೊಂದಿತ್ತು, ಆದ್ದರಿಂದ ಅದನ್ನು ತಿದ್ದಿದವರು ಸಿಕ್ಕಿಬಿದ್ದರು. ಸಂತ್ರಸ್ತರಿಗೆ 60 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಒಪ್ಪಂದವಾಯಿತು. ಆ ದೇಶದಲ್ಲಿ ನೀರು ಸರಬರಾಜು ಮಾಡುವ ಪ್ರತಿ ಸಂಸ್ಥೆಯೂ ನೀರಿನಲ್ಲಿ ಏನು ಸಿಕ್ಕಿತು, ಮಿತಿ ಎಷ್ಟು ಎಂಬ ವರದಿಯನ್ನು ವರ್ಷಕ್ಕೊಮ್ಮೆ ಗ್ರಾಹಕರಿಗೆ ತಲುಪಿಸಲೇಬೇಕು. ನಮ್ಮಲ್ಲೇ ಪುರಿ ನಗರ 2021ರಿಂದ ನಲ್ಲಿಗೆ ಬಾಯೊಡ್ಡಿ ಕುಡಿಯಿರಿ ಎನ್ನುತ್ತಿದೆ. ಜಗನ್ನಾಥನ ಊರಿಗೆ ಸಾಧ್ಯವಾದದ್ದು ಐಟಿ ರಾಜಧಾನಿಗೆ ಏಕೆ ಅಸಾಧ್ಯ?

ರಾಜ್ಯ ಸರ್ಕಾರ ಮಾಡಬೇಕಾದದ್ದು ಇಷ್ಟು. ಐಎಸ್ 10500 ಅನ್ನು ನಗರದ ನಲ್ಲಿಗಳಿಗೆ ಕಾನೂನಿನ ಮೂಲಕ ಕಡ್ಡಾಯ ಮಾಡಲಿ. ಮಾದರಿಯನ್ನು ಘಟಕದ ಬಾಗಿಲಲ್ಲಿ ಹಿಡಿಯದೆ ಕೊಳವೆಯ ತುದಿಯ ಮನೆಯಲ್ಲಿ, ನೀರು ಬಿಟ್ಟ ಮೊದಲ ಹತ್ತು ನಿಮಿಷದಲ್ಲಿ ಹಿಡಿಯಲಿ; ಹಿಡಿಯುವವರು ಜಲಮಂಡಳಿಯ ನೌಕರರಾಗದಿರಲಿ. ಬೇರೆ ಮೂಲವಿಲ್ಲ ಎಂದು ಎರಡನೇ ಕಾಲಂಗೆ ಇಳಿಯುವ ಊರು, ಎಂದು ಮೇಲೆ ಬರುತ್ತೇವೆ ಎಂಬ ತಾರೀಖನ್ನೂ ಬರೆದುಕೊಡಲಿ. ನೀರಿನ ಬಿಲ್ಲಿನಲ್ಲಿ ಎಷ್ಟು ಲೀಟರ್, ಎಷ್ಟು ರೂಪಾಯಿ ಎಂಬುದಿದೆ. ಅದರ ಕೆಳಗೆ ಇ-ಕೋಲಿ, ಕ್ಲೋರಿನ್, ನೈಟ್ರೇಟ್ ಎಂಬ ಮೂರು ಸಾಲಿಗೆ ಜಾಗ ಮಾಡಲಿ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮನವಿ. ನಿಮ್ಮ ವಾರ್ಡಿನ ನಲ್ಲಿ ನೀರನ್ನು ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ, ಯಾವ ಬೀದಿಯಲ್ಲಿ ಪರೀಕ್ಷಿಸಿದ್ದೀರಿ, ಫಲಿತಾಂಶವೇನು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಶುಲ್ಕ ಹತ್ತು ರೂಪಾಯಿ. ಒಂದು ಕ್ಯಾನ್ ನೀರಿಗೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದೀರಿ.